ಕಾಯುವ ಮಾಳಿಗೆ, ಸೋರುವ ಮಾಳಿಗೆ

ಮೇ ತಿಂಗಳಲ್ಲಿ ನನಗೆ ಬರುವ ಫೋನ್ ಬೇರೆ, ಜುಲೈನಲ್ಲಿ ಬರುವ ಫೋನ್ ಬೇರೆ. ಮೇ ತಿಂಗಳಲ್ಲಿ, "ಸಾಹೇಬ್ರ, ರಾತ್ರಿ ಹತ್ತಾದ್ರೂ ಛತ್ತಿನಿಂದ ಝಳ ಇಳೀಲಾಕತ್ತದ" ಅನ್ನುತ್ತಾರೆ. ಜುಲೈನಲ್ಲಿ ಅದೇ ಮನೆಯವರು, "ಮಾಳಗಿ ಸೋರಲಾಕತ್ತದ, ಬಂದು ನೋಡ್ರಿ" ಅನ್ನುತ್ತಾರೆ. ಫೋನ್ ಎರಡು, ಸ್ಲ್ಯಾಬ್ ಒಂದೇ.

ನಾನು ಕಲಬುರಗಿಯಲ್ಲಿ ಸಿವಿಲ್ ಎಂಜಿನಿಯರ್. ಹೊಸ ಮನೆ ಕಟ್ಟಿಸುವುದಕ್ಕಿಂತ ಕಟ್ಟಿದ ಮನೆಯ ತಕರಾರು ನೋಡುವ ಕೆಲಸವೇ ನನಗೆ ಜಾಸ್ತಿ. ಹೆಚ್ಚಿನವರು ನನ್ನನ್ನು ಕರೆಯುವುದು ದುಡ್ಡು ಖರ್ಚಾದ ಮೇಲೆ. ಸೇಡಂ ರಸ್ತೆ ಕಡೆ ನಿವೃತ್ತ ಮಾಸ್ತರರೊಬ್ಬರು ಮೂರು ವರ್ಷದಲ್ಲಿ ಮೂರು ಸಲ ಮಾಳಿಗೆಗೆ ವಾಟರ್‌ಪ್ರೂಫಿಂಗ್ ಮಾಡಿಸಿದ್ದರು. ಆದರೂ ಅಡುಗೆಮನೆಯ ಮೂಲೆ ಒದ್ದೆಯಾಗೇ ಇತ್ತು. ನಾನು ಹೋದದ್ದು ಜನವರಿಯಲ್ಲಿ. ಮಳೆ ನಿಂತು ಎರಡು ತಿಂಗಳಾಗಿತ್ತು. "ಸರ್, ಈಗಲೂ ಒದ್ದೆ ಇದೆಯಲ್ಲಾ, ಮಳೆ ಎಲ್ಲಿದೆ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಟ್ಯಾಂಕಿನಿಂದ ಕೆಳಗಿಳಿಯುವ ಪೈಪಿನ ಒಂದು ಬೆಂಡ್ ಗೋಡೆಯೊಳಗೆ ಸೀಳಿತ್ತು. ಅರ್ಧ ದಿನದ ಕೆಲಸ.

ನನಗೆ ಬೇಸರವಾದದ್ದು ಪೋಲಾದ ದುಡ್ಡಿಗಲ್ಲ. ಮಾಸ್ತರರು ಮೊದಲ ವರ್ಷವೇ ಮೂಲ ಹಿಡಿದಿದ್ದರೆ ಗುತ್ತೇದಾರರಿಂದಲೇ ಸರಿ ಮಾಡಿಸಬಹುದಿತ್ತು. ಈಗ ಕಾಲ ಮೀರಿತ್ತು. ಮೇಲಾಗಿ ಮೂರು ಪದರದ ಬಣ್ಣದ ಅಡಿಯಲ್ಲಿ ಹಳೆಯ ಗುರುತು ಯಾವುದೂ ಉಳಿದಿರಲಿಲ್ಲ.

ಮೊದಲು ಝಳದ ಮಾತು. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಕಾಂಕ್ರೀಟ್ ದಿನವಿಡೀ ಬಿಸಿಲು ಕುಡಿಯುತ್ತದೆ. ಆ ಬಿಸಿ ಐದು ಇಂಚು ಕೆಳಗಿಳಿಯಲು ಗಂಟೆಗಟ್ಟಲೆ ಹಿಡಿಯುತ್ತದೆ. ಹೊರಗೆ ತಂಪಾಗುವ ಹೊತ್ತಿಗೆ ಒಳಗೆ ಬಿಸಿ ಬಿಡಲು ಶುರುವಾಗುತ್ತದೆ. ಹತ್ತು ಗಂಟೆಗೆ ಮಲಗಿದವರಿಗೆ ತವೆಯ ಕೆಳಗೆ ಮಲಗಿದಂತಾಗುವುದು ಇದಕ್ಕೇ. ನಮ್ಮ ಅಜ್ಜಂದಿರ ಮಣ್ಣಿನ ಮಾಳಿಗೆಯಲ್ಲಿ ಈ ಕಾಟ ಇರಲಿಲ್ಲ. ತೊಲೆಯ ಮೇಲೆ ದಪ್ಪ ಮಣ್ಣು, ಎರಡಡಿ ದಪ್ಪದ ಕಲ್ಲಿನ ಗೋಡೆ. ಆದರೆ ಪ್ರತಿ ಮಳೆಗಾಲಕ್ಕೂ ಮುಂಚೆ ಅದರ ಮೇಲೆ ಹತ್ತಿ ಮಣ್ಣು ಸರಿ ಮಾಡುವ ಕೆಲಸ ಇತ್ತು. ಸ್ಲ್ಯಾಬ್ ಬಂದ ಮೇಲೆ ಮಾಳಿಗೆ ಹತ್ತುವ ಅಭ್ಯಾಸವೇ ಹೋಯಿತು.

ಅಗ್ಗದ ಉಪಾಯ ಎಂದರೆ ಬಿಳಿ ಬಣ್ಣ. ಸುಣ್ಣವಾದರೂ ಸರಿ, ಬಿಸಿಲು ವಾಪಸ್ ಕಳಿಸುವ ಬಿಳಿ ಪೇಂಟ್ ಆದರೂ ಸರಿ, ಒಡೆದ ಬಿಳಿ ಟೈಲ್ಸ್ ಕೂರಿಸಿದರೂ ಸರಿ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿತು. ಅದರ ತಿರುಳೂ ಇದೇ. ಸುಣ್ಣ ಒಂದು ಮಳೆಗೆ ತೊಳೆದು ಹೋಗುತ್ತದೆ, ಪೇಂಟ್ ಕೆಲವು ವರ್ಷ ಬರುತ್ತದೆ. ಯಾವುದಾದರೂ ಮಾರ್ಚ್‌ನಲ್ಲೇ ಮಾಡಿ, ಮೇ ತನಕ ಕಾಯಬೇಡಿ. ಬಳಿಯುವ ಮೊದಲು ಬಿರುಕು ತುಂಬಿಸಿ. ಬಿರುಕಿನ ಮೇಲೆ ಬಣ್ಣ ಬಳಿದರೆ ಜುಲೈ ಫೋನು ತಪ್ಪುವುದಿಲ್ಲ. ಆಮೇಲೆ ವರ್ಷಕ್ಕೊಂದು ಸಲ ಧೂಳು ತೊಳೆಯಬೇಕು. ನಮ್ಮೂರ ಧೂಳಿಗೆ ಬಿಳಿ ಮಾಳಿಗೆ ಆರು ತಿಂಗಳಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಇನ್ನು ಕೆಲವರು ಇಟ್ಟಿಗೆ ಚೂರು ಮತ್ತು ಗಾರೆಯ ದಪ್ಪ ಪದರ ಹಾಕಿಸುತ್ತಾರೆ. ಬ್ರಿಕ್ ಬ್ಯಾಟ್ ಕೋಬಾ ಅನ್ನುತ್ತಾರಲ್ಲ, ಅದು. ಝಳವೂ ಕಡಿಮೆ, ನೀರಿಗೆ ಇಳಿಜಾರೂ ಸಿಗುತ್ತದೆ. ಒಳ್ಳೆಯ ಕೆಲಸವೇ. ಆದರೆ ನಾಲ್ಕು ಇಂಚು ದಪ್ಪ ಹಾಕಿದರೆ ಒಂದು ಚದರ ಮೀಟರಿಗೆ 150ರಿಂದ 200 ಕೆಜಿ ಭಾರ ಬೀಳುತ್ತದೆ. ಹೊಸ ಸ್ಲ್ಯಾಬ್ ವಿನ್ಯಾಸದಲ್ಲೇ ಇದರ ಲೆಕ್ಕ ಇದ್ದರೆ ಚಿಂತೆಯಿಲ್ಲ. ಹಳೆಯ ಗರ್ಡರ್ ಮತ್ತು ಪರ್ಸಿ ಕಲ್ಲಿನ (ಶಹಾಬಾದ್ ಚಪ್ಪಡಿಯ) ಮಾಳಿಗೆ ಮೇಲೆ ಹೇಳದೆ ಕೇಳದೆ ಹಾಕಿಸಬೇಡಿ. ಶಹಾಬಾದ್ ಕಲ್ಲು ಗಟ್ಟಿ ನಿಜ, ಆದರೆ ಬಗ್ಗುವುದಿಲ್ಲ. ಎಚ್ಚರಿಕೆ ಕೊಡದೆ ಒಡೆಯುತ್ತದೆ.

ಮಾಳಿಗೆ ಮೇಲೆ ಪತ್ರಾ, ಅಂದರೆ ತಗಡಿನ ಶೆಡ್ ಹಾಕುವುದು ನಮ್ಮಲ್ಲಿ ಈಗ ರೂಢಿ. ನೆರಳಿಗೆ ಅದು ಬಿಳಿ ಬಣ್ಣಕ್ಕಿಂತಲೂ ಮೇಲು. ಗಾಳಿ ಆಡಲು ನಾಲ್ಕೂ ಕಡೆ ಬಿಟ್ಟಿರಬೇಕು ಅಷ್ಟೇ. ಗೋಡೆ ಕಟ್ಟಿ ಮುಚ್ಚಿದರೆ ಅದು ಶೆಡ್ ಅಲ್ಲ, ಇನ್ನೊಂದು ಮಹಡಿ. ಅದಕ್ಕೆ ಪಾಲಿಕೆಯ ಪರವಾನಗಿ ಬೇಕು. ಇನ್ನೊಂದು ಮಾತು. ಮೇ ತಿಂಗಳ ಗಾಳಿ-ಮಳೆಗೆ ಹಾರಿದ ಪತ್ರಾ ಪಕ್ಕದ ಮನೆಯ ಕಾರಿನ ಮೇಲೆ ಬಿದ್ದರೆ ಗಾಳಿಯ ಮೇಲೆ ತಪ್ಪು ಹಾಕಿ ಕೂರಲು ಆಗುವುದಿಲ್ಲ. ಸರಿಯಾಗಿ ಬಿಗಿಯದಿದ್ದದ್ದು ನಿಮ್ಮ ನಿರ್ಲಕ್ಷ್ಯ ಎಂದಾದರೆ ನಷ್ಟ ನೀವೇ ತುಂಬಬೇಕು.

ಕೂಲರ್ ಹಚ್ಚಿ ಎಲ್ಲ ಕಿಟಕಿ ಮುಚ್ಚಿಕೊಂಡು ಕೂರುವವರನ್ನು ನೋಡಿದರೆ ನಗು ಬರುತ್ತದೆ. ಕೂಲರ್ ತಂಪು ಮಾಡುವುದು ನೀರು ಆವಿಯಾಗುವುದರಿಂದ. ಒದ್ದೆ ಗಾಳಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಕೋಣೆ ಹಬೆಯ ಪಾತ್ರೆಯಾಗುತ್ತದೆ. ಎದುರಿನ ಕಿಟಕಿ ಸ್ವಲ್ಪ ತೆರೆದಿಡಿ. ನಗುವ ವಿಷಯ ಅಲ್ಲದ್ದು ಒಂದಿದೆ. ತಗಡಿನ ಕೂಲರ್, ಒದ್ದೆ ನೆಲ, ಅರ್ತಿಂಗ್ ಇಲ್ಲದ ಪ್ಲಗ್ ಮೂರೂ ಸೇರಿದರೆ ಜೀವ ಹೋಗುತ್ತದೆ. ಮನೆಯ ಮುಖ್ಯ ಬೋರ್ಡಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನೇ ಲೈನ್ ಕಡಿಯುವ ಸ್ವಿಚ್ ಹಾಕಿಸಿ. ಕೂಲರಿಗೆ ನೀರು ತುಂಬುವಾಗ ಪ್ಲಗ್ ಕಿತ್ತಿಡಿ.

ಗೀಸರ್ ಬಗ್ಗೆ ಬೀದರ್ ಕಡೆಯವರು ಚಳಿಗಾಲದಲ್ಲಿ ಕೇಳುತ್ತಾರೆ. ಗ್ಯಾಸ್ ಗೀಸರನ್ನು ಬಚ್ಚಲುಮನೆಯ ಒಳಗೆ ಹಾಕಿಸಲೇಬೇಡಿ. ಹೊರಗಿನ ಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಮುಚ್ಚಿದ ಕೋಣೆಯಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಈಗ ಜುಲೈ ಫೋನಿಗೆ ಬರೋಣ. ಸೋರಿಕೆ ಕಂಡ ಕೂಡಲೇ ಪೇಂಟರನ್ನು ಕರೆಯಬೇಡಿ. ಒಂದು ವಾರ ಡೈರಿ ಬರೆಯಿರಿ. ಮಳೆ ಬಂದ ದಿನ ಮಾತ್ರ ಒದ್ದೆಯೋ, ದಿನಾ ಒದ್ದೆಯೋ? ಮಳೆ ಬಂದ ಎಷ್ಟು ಹೊತ್ತಿಗೆ ಹನಿ ಶುರು? ಪೆನ್ಸಿಲ್‌ನಿಂದ ಒದ್ದೆಯ ಅಂಚಿಗೆ ಗೆರೆ ಎಳೆದು ತಾರೀಖು ಬರೆಯಿರಿ. ದಿನಾ ಒದ್ದೆ ಇದ್ದರೆ ಪೈಪ್, ಟ್ಯಾಂಕ್, ಇಲ್ಲವೇ ಮೇಲಿನ ಬಚ್ಚಲು. ರಾತ್ರಿ ಎಲ್ಲ ನಳ ಮುಚ್ಚಿ ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿ. ಇಳಿದಿದ್ದರೆ ಕಳ್ಳ ಸಿಕ್ಕಿದ. ಗೋಡೆಯ ಬುಡದಲ್ಲಿ ಎರಡು-ಮೂರು ಅಡಿ ಎತ್ತರಕ್ಕೆ ಒದ್ದೆ ನಿಂತು ಬಿಳಿ ಉಪ್ಪು ಕಂಡರೆ ಅದು ನೆಲದ ತೇವ. ಮಾಳಿಗೆಗೂ ಅದಕ್ಕೂ ಸಂಬಂಧ ಇಲ್ಲ.

ಮಾಳಿಗೆಯದೇ ತಪ್ಪು ಅನ್ನಿಸಿದರೆ ನೀರು ನಿಲ್ಲಿಸಿ ನೋಡುವುದೊಂದು ಪರೀಕ್ಷೆ. ನೀರು ಹೋಗುವ ತೂತು ಬಿಗಿದು, ಎರಡು ಇಂಚು ನೀರು ಎರಡು ದಿನ ನಿಲ್ಲಿಸಬೇಕು. ಎರಡು ಇಂಚು ನೀರೆಂದರೆ ಒಂದು ಚದರ ಮೀಟರಿಗೆ 50 ಕೆಜಿ. ಹಾಗಾಗಿ ಹಳೆಯ ಮಾಳಿಗೆಗೆ ಈ ಪ್ರಯೋಗ ಬೇಡ. ಸ್ಲ್ಯಾಬಿನ ಮಧ್ಯದಲ್ಲಿ ತೂತು ಬಿದ್ದು ಸೋರಿದ್ದು ನಾನು ಕಂಡದ್ದು ಕಡಿಮೆ. ಪ್ಯಾರಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆ, ನೀರಿನ ಪೈಪ್ ಹೊರಬೀಳುವ ಜಾಗ, ಡಿಶ್ ಆಂಟೆನಾ ಕೂರಿಸಲು ಯಾರೋ ಕೊರೆದ ನಾಲ್ಕು ತೂತು, ಹೆಚ್ಚಾಗಿ ಇವೇ.

ಸೋರಿದ ಛತ್ತಿನ ಕೆಳಗೆ ಪಿಒಪಿ ಫಾಲ್ಸ್ ಸೀಲಿಂಗ್ ಹೊಡೆಸಿ ಮುಚ್ಚುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು. ಮೇಲೆ ಸ್ಲ್ಯಾಬಿನೊಳಗಿನ ಕಬ್ಬಿಣದ ಸಲಾಕೆ ತುಕ್ಕು ಹಿಡಿಯುತ್ತಿರುತ್ತದೆ, ಕೆಳಗೆ ಬಣ್ಣದ ದೀಪ ಉರಿಯುತ್ತಿರುತ್ತದೆ.

ಹೊಸ ಸ್ಲ್ಯಾಬ್ ಯಾಕೆ ಸೋರುತ್ತದೆ ಎಂದು ಕೇಳಿದರೆ ಎಲ್ಲರೂ ಸಿಮೆಂಟನ್ನು ಬೈಯುತ್ತಾರೆ. ವಾಡಿ, ಸೇಡಂ, ಮಳಖೇಡದಲ್ಲಿ ಕಾರ್ಖಾನೆಗಳಿರುವ ಜಿಲ್ಲೆ ನಮ್ಮದು. ನಮಗೆ ಸಿಮೆಂಟಿಗೆ ಬರ ಇಲ್ಲ, ನೀರಿಗೆ ಬರ. ಏಪ್ರಿಲ್‌ನಲ್ಲಿ ಸ್ಲ್ಯಾಬ್ ಹಾಕುತ್ತಾರೆ, ನಾಲ್ಕು ದಿನ ನೀರು ಹೊಡೆದು ಕೈ ಬಿಡುತ್ತಾರೆ. ಐಎಸ್ 456 ಎಂಬ ನಮ್ಮ ಕಾಂಕ್ರೀಟ್ ನಿಯಮದ ಪ್ರಕಾರ ಒಣ ಬಿಸಿಲಿನಲ್ಲಿ ಕನಿಷ್ಠ 10 ದಿನ ಒದ್ದೆ ಇಡಬೇಕು. ಈಗ ಅಂಗಡಿಯಲ್ಲಿ ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ 14 ದಿನ ಇಟ್ಟರೆ ಒಳ್ಳೆಯದು. ಪೈಪ್ ಹಿಡಿದು ಎರಡು ಹೊತ್ತು ಚಿಮುಕಿಸಿದರೆ ಸಾಲದು. ಗದ್ದೆಯಂತೆ ಮಡಿ ಕಟ್ಟಿ ನೀರು ನಿಲ್ಲಿಸಬೇಕು. ಟ್ಯಾಂಕರ್ ನೀರಿನ ಖರ್ಚು ಯಾರದು ಎಂದು ಮಾತಾಡದೆ ಬಿಟ್ಟ ಮನೆಗಳಲ್ಲೇ ಈ ಕೆಲಸ ಅರ್ಧಕ್ಕೆ ನಿಲ್ಲುವುದು.

ಮಾತಾಡುವುದು ಎಂದೆ, ಬರೆಯುವುದು ಎನ್ನಬೇಕಿತ್ತು. ನಮ್ಮಲ್ಲಿ ಮನೆ ಕಟ್ಟುವ ಒಪ್ಪಂದ ಎಂದರೆ ಒಂದು ನೋಟ್‌ಬುಕ್ಕಿನ ಹಾಳೆ, ಚದರಡಿಗೆ ಇಷ್ಟು ಎಂಬ ಲೆಕ್ಕ, ಕೊಟ್ಟ ಮುಂಗಡ. ಗುತ್ತೇದಾರರು ಪರಿಚಯದವರು, "ನಮ್ಮವರೇ ಅಲ್ವಾ" ಎಂಬ ಸಂಕೋಚ. ಛಾಪಾ ಕಾಗದದ ಮೇಲೆ ಎರಡು ಪುಟ ಬರೆಸಿ. ಸಿಮೆಂಟ್ ಯಾವುದು, ಸಲಾಕೆ ಎಷ್ಟು ಎಂಎಂ, ಕ್ಯೂರಿಂಗ್ (ಒದ್ದೆ ಇಡುವುದು) ಎಷ್ಟು ದಿನ, ನೀರು ಯಾರದು, ಯಾವ ಹಂತಕ್ಕೆ ಎಷ್ಟು ದುಡ್ಡು. ಎಲ್ಲಕ್ಕಿಂತ ಮುಖ್ಯವಾಗಿ, ಒಟ್ಟು ಹಣದಲ್ಲಿ ನೂರಕ್ಕೆ ಐದು ಭಾಗವನ್ನಾದರೂ ಒಂದು ಪೂರ್ತಿ ಮಳೆಗಾಲ ಮುಗಿಯುವ ತನಕ ಕೊಡುವುದಿಲ್ಲ ಎಂದು ಬರೆಸಿ. ಒಳ್ಳೆಯ ಗುತ್ತೇದಾರರು ಇದಕ್ಕೆ ಒಪ್ಪುತ್ತಾರೆ. ಒಪ್ಪದವರ ಬಗ್ಗೆ ನಿಮಗೆ ಮೊದಲೇ ತಿಳಿದಂತಾಯಿತು.

ಸಾಮಾನು ನೀವೇ ಕೊಡಿಸಿ, ಗೌಂಡಿಗೆ ಬರೀ ಮಜೂರಿ ಕೊಡುವ ಪದ್ಧತಿಯೂ ಇದೆ. ಆಗ ಸೋರಿದರೆ "ನಿಮ್ಮ ಸಿಮೆಂಟೇ ಸರಿ ಇರಲಿಲ್ಲ" ಎಂಬ ಮಾತು ಗ್ಯಾರಂಟಿ. ಹಾಗಾಗಿ ಬಿಲ್ಲು ಇಟ್ಟುಕೊಳ್ಳಿ. ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಅದರ ಫೋಟೋ ತೆಗೆಯಿರಿ.

ಆದರೂ ಸೋರಿತು, ಗುತ್ತೇದಾರರು ಫೋನ್ ಎತ್ತುತ್ತಿಲ್ಲ. ಏನು ಮಾಡುವುದು? ರಿಪೇರಿ ಮಾಡಿಸುವ ಮೊದಲು ದಾಖಲೆ ಮಾಡಿ. ಇದನ್ನೇ ಎಲ್ಲರೂ ತಿರುಗಾಮುರುಗಾ ಮಾಡುವುದು. ಮೊದಲು ಬೇರೆಯವರಿಂದ ಸರಿ ಮಾಡಿಸಿ, ಆಮೇಲೆ ಬಿಲ್ಲು ಹಿಡಿದು ದೂರು ಕೊಡುತ್ತಾರೆ. ಆಗ ತೋರಿಸಲು ದೋಷವೇ ಉಳಿದಿರುವುದಿಲ್ಲ. ತಾರೀಖಿರುವ ಫೋಟೋ, ವಿಡಿಯೋ ಇರಲಿ. ಅವು ಇರುವ ಫೋನನ್ನು ಮಾರಬೇಡಿ. ಒಬ್ಬ ಎಂಜಿನಿಯರಿಂದ ಕಾರಣ ಬರೆದ ವರದಿ ತೆಗೆದುಕೊಳ್ಳಿ. ಸರಿ ಮಾಡಿಕೊಡಿ ಎಂದು ಹದಿನೈದು ದಿನದ ಗಡುವು ಕೊಟ್ಟು ರಿಜಿಸ್ಟರ್ಡ್ ಪತ್ರ ಹಾಕಿ.

ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟುವುದನ್ನು ಸೇವೆ ಎಂದೇ ಬರೆದಿದ್ದಾರೆ. ನೀವು ಕೊಟ್ಟ ಹಣ 50 ಲಕ್ಷ ದಾಟದಿದ್ದರೆ ಜಿಲ್ಲಾ ಆಯೋಗಕ್ಕೇ ಹೋಗಬೇಕು. 5 ಲಕ್ಷದ ತನಕ ಶುಲ್ಕವೂ ಇಲ್ಲ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗುತ್ತೇದಾರರು ಸೊಲ್ಲಾಪುರದವರೋ ಹೈದರಾಬಾದಿನವರೋ ಆಗಿದ್ದರೂ ಅಲ್ಲಿಗೆ ಅಲೆಯಬೇಕಿಲ್ಲ. ವಕೀಲರು ಬೇಕೇಬೇಕು ಅಂತಲೂ ಇಲ್ಲ. ಆದರೆ ಎರಡು ವರ್ಷದ ಗಡಿ ಇದೆ. "ನಾಳೆ ಬರ್ತೀನಿ, ಮುಂದಿನ ವಾರ ಬರ್ತೀನಿ" ಎಂಬ ಮಾತಿನಲ್ಲಿ ಆ ಎರಡು ವರ್ಷ ಕರಗುತ್ತದೆ. ನೀವು ಪತ್ರ ಬರೆಯುತ್ತಾ ಇದ್ದೀರಿ ಅಂತ ಗಡುವು ಮುಂದೆ ಹೋಗುವುದಿಲ್ಲ. ಸೇಡಂ ರಸ್ತೆಯ ಮಾಸ್ತರರಿಗೆ ಮೀರಿದ ಕಾಲವೂ ಇದೇ.

ಬಿಲ್ಡರ್‌ನಿಂದ ಫ್ಲ್ಯಾಟ್ ಕೊಂಡವರಿಗೆ ದಾರಿ ಬೇರೆ. ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಾಯಿಸಿದ ಯೋಜನೆಯಾದರೆ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಂಡ ಕಟ್ಟಡದ ದೋಷವನ್ನು ಅವರು 30 ದಿನದಲ್ಲಿ ಪುಕ್ಕಟೆ ಸರಿ ಮಾಡಿಕೊಡಬೇಕು. ನಿಮ್ಮ ಸ್ವಂತ ಸೈಟಿನಲ್ಲಿ ಗುತ್ತೇದಾರರು ಕಟ್ಟಿದ ಮನೆಗೆ ಇದು ಅನ್ವಯಿಸುವುದಿಲ್ಲ.

ಬಾಡಿಗೆದಾರರೂ ಕೇಳುತ್ತಾರೆ, "ಮನಿ ಮಾಲಕರು ಮಾಳಗಿ ಮಾಡಿಸ್ವಲ್ಲರು, ಬಾಡಿಗಿ ನಿಲ್ಲಿಸ್ಲೇನ್ರಿ?" ಬೇಡ. ಬಾಡಿಗೆ ನಿಲ್ಲಿಸಿದರೆ ತಪ್ಪು ನಿಮ್ಮ ಮೇಲೆ ತಿರುಗುತ್ತದೆ. ಮಾಲೀಕರೇ ಮಾಡಿಸಬೇಕಾದ ರಿಪೇರಿಯಾಗಿದ್ದರೆ ಮೊದಲು ಬರಹದಲ್ಲಿ ತಿಳಿಸಿ, ಸಾಕಷ್ಟು ಕಾಲ ಕೊಡಿ. ಆಮೇಲೂ ಮಾಡದಿದ್ದರೆ ನೀವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿಯಲು ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ ಅವಕಾಶ ಇದೆ. ಕರಾರುಪತ್ರದಲ್ಲಿ ಬೇರೆ ರೀತಿ ಬರೆದಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಕೊನೆಗೆ ಬಿರುಕು. ಎರೆ ಮಣ್ಣಿನ ಮೇಲೆ ಮನೆ ಕಟ್ಟಿದವರು ಬಿರುಕು ಕಂಡ ಕೂಡಲೇ ಹೆದರುತ್ತಾರೆ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಅದರ ಜೊತೆ ತಳಪಾಯವೂ ಏಳುತ್ತದೆ, ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೆಟ್ಟಿಲಿನಂತೆ ಹೋಗುವ ಬಿರುಕು ಇದರ ಗುರುತು. ಮನೆ ಸುತ್ತ ಮೂರು-ನಾಲ್ಕು ಅಡಿ ಅಗಲದ ಕಾಂಕ್ರೀಟ್ ಕಟ್ಟೆ ಹಾಕಿಸಿ. ಮಾಳಿಗೆ ನೀರನ್ನು ಗೋಡೆ ಬುಡದಲ್ಲಿ ಬಿಡದೆ ದೂರ ಹರಿಸಿ. ಹಾಗಂತ ಪಕ್ಕದವರ ಅಂಗಳಕ್ಕೆ ಅಲ್ಲ. ಪ್ಲಾಸ್ಟರಿನ ಕೂದಲೆಳೆ ಬಿರುಕಿಗೆ ತಲೆ ಕೆಡಿಸಿಕೊಳ್ಳಬೇಡಿ.

ಯಾವ ಬಿರುಕು ಯಾವುದು ಎಂದು ಗೊತ್ತಾಗದಿದ್ದರೆ ಒಂದು ತೆಳು ಗಾಜಿನ ತುಂಡನ್ನು ಅದರ ಮೇಲೆ ಅಡ್ಡಕ್ಕೆ ಗಟ್ಟಿಯಾಗಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಮಾರ್ಚ್‌ನಲ್ಲಿ ಅಂಟಿಸಿದ ಗಾಜು ಸೆಪ್ಟೆಂಬರ್ ಮಳೆ ಮುಗಿಯುವ ಹೊತ್ತಿಗೆ ಒಡೆದಿದ್ದರೆ ಎಂಜಿನಿಯರಿಗೆ ಫೋನ್ ಮಾಡಿ. ಒಡೆಯದಿದ್ದರೆ ಪೇಂಟರಿಗೆ ಮಾಡಿ.