ಮೆಟ್ಟಿಲ ಮೇಲಿನ ಕೆಂಧೂಳಿಗೆ ಮೊದಲು ನೀರು ಮುಟ್ಟಿಸಬೇಡಿ

ಬಳ್ಳಾರಿಯ ಮನೆಗಳಿಗೆ ಸ್ವಚ್ಛತೆಯ ಕೆಲಸಕ್ಕೆ ಹೋದಾಗ ನಾನು ಮೊದಲು ನೋಡುವುದು ಮೆಟ್ಟಿಲುಗಳನ್ನು, ಅದರಲ್ಲಿಯೂ ಕಾಲಿಡುವ ಹಾಸುಗಲ್ಲು ಮತ್ತು ಅದರ ಹಿಂದೆ ನೆಟ್ಟಗೆ ನಿಂತ ಕಲ್ಲು ಕೂಡುವ ಮೂಲೆಯನ್ನು. ದಿನವೂ ಒರೆಸುವ ಮನೆಗಳಲ್ಲಿಯೂ ಆ ಮೂಲೆಯಲ್ಲಿ ಸಣ್ಣದೊಂದು ಕೆಂಪು ಗೆರೆ ಉಳಿದಿರುತ್ತದೆ. ಉಗುರಿನಿಂದ ಕೆರೆದರೆ ಅದು ಪುಡಿಯಾಗಿ ಉದುರುವುದಿಲ್ಲ, ಹೆಕ್ಕಳಿಕೆಯಾಗಿ ಏಳುತ್ತದೆ. "ದಿನಾ ಎರಡು ಸಲ ಒರೆಸ್ತೀವ್ರಿ, ಆದ್ರೂ ಕೆಂಪಗ ಕಾಣ್ತದ" ಎಂದು ಗಾಂಧಿನಗರದ ಮನೆಯೊಂದರ ಹಿರಿಯರು ಬೇಸರದಿಂದ ಹೇಳಿದ್ದರು. ಅವರ ಮನೆಯಲ್ಲಿ ಶ್ರಮಕ್ಕೆ ಕೊರತೆಯಿರಲಿಲ್ಲ. ಧೂಳನ್ನು ಒಣಗಿದ್ದಾಗಲೇ ಎತ್ತದೆ ಅದರ ಮೇಲೆ ಒದ್ದೆ ಬಟ್ಟೆ ಎಳೆಯುತ್ತಿದ್ದುದರಿಂದ ಆ ಗೆರೆ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿತ್ತು.

ನಮ್ಮ ಊರಿನ ಧೂಳು ಬೇರೆ ಊರುಗಳ ಧೂಳಿನಂಥದ್ದಲ್ಲ. ಸಂಡೂರಿನ ಗುಡ್ಡಗಳ ಅದಿರು ಬಹುಪಾಲು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಅದಿರು ಸಾಗಿಸುವ ಲಾರಿಗಳಿಂದ, ಅದಿರು ತುಂಬುವ ರೈಲ್ವೆ ಸೈಡಿಂಗ್‌ಗಳಿಂದ, ರಸ್ತೆಯ ಬದಿಯ ಮಣ್ಣಿನಿಂದ ಎದ್ದ ನುಣ್ಣನೆಯ ಕಣಗಳು ಗಾಳಿಯಲ್ಲಿ ಬೆರೆತು ಮನೆ ಸೇರುತ್ತವೆ. ಸಾಮಾನ್ಯ ಮರಳಿನ ಕಣದ ಸಾಂದ್ರತೆ ನೀರಿನ ಸುಮಾರು 2.65 ಪಟ್ಟು ಇದ್ದರೆ ಹೆಮಟೈಟಿನದು 5 ಪಟ್ಟಿಗಿಂತ ಹೆಚ್ಚು. ಆದ್ದರಿಂದ ಅದೇ ಗಾತ್ರದ ಮರಳಿನ ಕಣಕ್ಕಿಂತ ಇದು ಬೇಗ ಕೆಳಗಿಳಿದು ಮೂಲೆಗಳಲ್ಲಿ ಕೂರುತ್ತದೆ. ಒಣಗಿದ್ದಾಗ ಇದನ್ನು ಎತ್ತುವುದು ಕಷ್ಟವಲ್ಲ. ನೀರು ತಾಗಿದೊಡನೆ ತೆಳು ಕೆಸರಾಗಿ ಸಿಮೆಂಟಿನ ಜೋಡಣೆಯೊಳಗೆ, ಪಾಲಿಶ್ ಹೋದ ಕಲ್ಲಿನ ಸೂಕ್ಷ್ಮ ರಂಧ್ರಗಳೊಳಗೆ ಇಳಿದು, ನೀರು ಆರಿದ ಮೇಲೆ ಬಣ್ಣವಾಗಿ ನಿಲ್ಲುತ್ತದೆ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಕೆಂಪು ಕೊಡುತ್ತಿದ್ದುದೂ ಕಬ್ಬಿಣದ ಆಕ್ಸೈಡೇ. ಧೂಳು ತೆಗೆಯದೆ ಒರೆಸುವವರು ತಮಗೆ ಗೊತ್ತಿಲ್ಲದೆಯೇ ಬಿಳಿ ಸಿಮೆಂಟಿನ ಜೋಡಣೆಗೆ ಅದೇ ಬಣ್ಣವನ್ನು ಬಳಿಯುತ್ತಿರುತ್ತಾರೆ.

ಮನೆಯ ಉಳಿದ ಭಾಗಕ್ಕಿಂತ ಮೆಟ್ಟಿಲಲ್ಲೇ ಧೂಳು ಹೆಚ್ಚೇಕೆ ಎಂದು ಅನೇಕರು ಕೇಳುತ್ತಾರೆ. ಬೇಸಿಗೆಯಲ್ಲಿ ಇಲ್ಲಿಯ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಮೆಟ್ಟಿಲು ಮುಗಿಯುವಲ್ಲಿ ಮಾಳಿಗೆಯ ಮೇಲಿರುವ ಸಣ್ಣ ಕೋಣೆ, ಅಂದರೆ ಹೆಡ್‌ರೂಮ್, ಕಾದು, ಅಲ್ಲಿಯ ಬಿಸಿ ಗಾಳಿ ಬಾಗಿಲು, ಕಿಟಕಿ, ಜಾಲರಿಗಳಿಂದ ಹೊರಗೆ ಹೋಗುತ್ತದೆ, ಆ ಜಾಗವನ್ನು ತುಂಬಲು ಬೀದಿಯ ಗಾಳಿ ಕೆಳಗಿನ ಬಾಗಿಲಿನಿಂದ ಮೆಟ್ಟಿಲ ದಾರಿಯಲ್ಲೇ ಮೇಲಕ್ಕೆ ಏರುತ್ತದೆ. ಗಾಳಿ ತಿರುಗುವ ಲ್ಯಾಂಡಿಂಗ್‌ನಲ್ಲಿ ಅದರ ವೇಗ ತಗ್ಗುವುದರಿಂದ ಧೂಳು ಅಲ್ಲಿ ಹೆಚ್ಚು ಬೀಳುತ್ತದೆ. ಆಷಾಢದ ಗಾಳಿಯಲ್ಲಂತೂ ಹೇಳುವುದೇ ಬೇಡ. ಮಧ್ಯಾಹ್ನದ ಹೊತ್ತು ಮಾಳಿಗೆಯ ಬಾಗಿಲನ್ನೋ ಬೀದಿಯ ಬಾಗಿಲನ್ನೋ, ಎರಡರಲ್ಲಿ ಒಂದನ್ನು ಮುಚ್ಚಿಟ್ಟರೆ ಮೆಟ್ಟಿಲ ಧೂಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ.

ಈಗ ವ್ಯಾಕ್ಯೂಮ್ ಕ್ಲೀನರ್ ವಿಷಯಕ್ಕೆ ಬರುತ್ತೇನೆ. ಅನೇಕ ಮನೆಗಳಲ್ಲಿ ಯಂತ್ರ ಇರುತ್ತದೆ, ಸೋಫಾಕ್ಕೂ ಕಾರಿಗೂ ಮಾತ್ರ ಹೊರಗೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಊರಿನಲ್ಲಿ ಅದು ಮೊದಲು ಸಲ್ಲಬೇಕಾದ ಜಾಗ ಮೆಟ್ಟಿಲು. ಕೆಲಸ ಮೇಲಿನಿಂದ ಕೆಳಕ್ಕೆ ಸಾಗಬೇಕು, ಏಕೆಂದರೆ ಎಷ್ಟೇ ಜಾಗ್ರತೆ ಮಾಡಿದರೂ ಸ್ವಲ್ಪ ಧೂಳು ಕೆಳಗಿನ ಮೆಟ್ಟಿಲಿಗೆ ಬಿದ್ದೇ ಬೀಳುತ್ತದೆ. ಕೆಲಸ ಮಾಡುವವರು ತಾವು ಸ್ವಚ್ಛ ಮಾಡುವ ಮೆಟ್ಟಿಲಿಗಿಂತ ಎರಡು ಮೆಟ್ಟಿಲು ಕೆಳಗೆ, ಮೇಲ್ಮುಖವಾಗಿ ನಿಂತು, ಒಂದು ಕೈಯನ್ನು ರೇಲಿಂಗ್ ಮೇಲೆ ಇಟ್ಟುಕೊಳ್ಳಬೇಕು. ಯಂತ್ರವನ್ನು ಯಾವ ಕಾರಣಕ್ಕೂ ಮೆಟ್ಟಿಲ ಮೇಲೆ ನಿಲ್ಲಿಸಬಾರದು. ಮೇಲಿನ ಅರ್ಧಕ್ಕೆ ಮೇಲಿನ ಲ್ಯಾಂಡಿಂಗ್‌ನಲ್ಲಿ ಅಂಚಿನಿಂದ ದೂರ ಗೋಡೆಗೆ ಒತ್ತಿ ಇಟ್ಟು, ಕೆಳಗಿನ ಅರ್ಧಕ್ಕೆ ಸ್ವಿಚ್ ಆರಿಸಿ ಕೆಳಗಿನ ಲ್ಯಾಂಡಿಂಗ್‌ಗೆ ಇಳಿಸಿಕೊಳ್ಳಬೇಕು. ವೈರು ಕಾಲಿನ ಬಳಿ ಬಾರದಂತೆ ರೇಲಿಂಗ್ ಬದಿಯಲ್ಲೇ ಹರಿಯಲಿ. ಯಂತ್ರದ ಹಿಂಬದಿಯಿಂದ ಬರುವ ಗಾಳಿ ಇನ್ನೂ ಸ್ವಚ್ಛವಾಗದ ಮೆಟ್ಟಿಲಿನ ಕಡೆಗೆ ಬೀಸುತ್ತಿದ್ದರೆ ಅರ್ಧ ಧೂಳು ಗೋಡೆಗೆ ಏರಿ ಕೂರುತ್ತದೆ, ಅದನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಪ್ರತಿ ಮೆಟ್ಟಿಲಿನಲ್ಲಿಯೂ ಮೊದಲು ನೆಟ್ಟಗಿನ ಕಲ್ಲು, ಆಮೇಲೆ ಮೂಲೆ, ಕೊನೆಗೆ ಹಾಸುಗಲ್ಲು. ಮೂಲೆಗೆ ಯಂತ್ರದ ಜೊತೆ ಬರುವ ಚಪ್ಪಟೆ ಬಾಯಿಯ ಸಣ್ಣ ನಳಿಕೆಯನ್ನೇ ಬಳಸಬೇಕು; ಅಗಲ ಬ್ರಶ್ಶಿನ ನಳಿಕೆ ಮೂಲೆಯನ್ನು ಮುಟ್ಟುವುದೇ ಇಲ್ಲ. ನಳಿಕೆಯನ್ನು ಉಜ್ಜುತ್ತ ಹೋಗದೆ ನಿಧಾನವಾಗಿ ಎಳೆದರೆ ಸಾಕು, ಧೂಳನ್ನು ಎತ್ತುವುದು ಗಾಳಿಯ ಸೆಳೆತವೇ ಹೊರತು ಕೈಯ ಬಲವಲ್ಲ. ಮೆಟ್ಟಿಲ ತುದಿಯಲ್ಲಿ ಜಾರದಂತೆ ಕೊರೆದ ಎರಡು ಮೂರು ಗೆರೆಗಳಿರುತ್ತವಲ್ಲ, ಅಲ್ಲಿ ವರ್ಷಗಳ ಧೂಳು ಚಪ್ಪಲಿಯ ತುಳಿತಕ್ಕೆ ಒತ್ತಿಕೊಂಡು ಕೂತಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಗೆರೆಯುದ್ದಕ್ಕೂ ಸಡಿಲಿಸುತ್ತ, ಇನ್ನೊಂದು ಕೈಯಲ್ಲಿ ನಳಿಕೆಯನ್ನು ಬ್ರಶ್ಶಿನ ಪಕ್ಕದಲ್ಲೇ ಹಿಡಿದಿದ್ದರೆ ಎದ್ದ ಧೂಳು ಎದ್ದಲ್ಲೇ ಒಳಗೆ ಹೋಗುತ್ತದೆ. ಹೀಗೆ ಎರಡೂ ಕೈ ಬಳಸುವ ಕೆಲಸವನ್ನು ನಿಂತುಕೊಂಡು ಮಾಡದೆ ಮೆಟ್ಟಿಲ ಮೇಲೆ ಕೂತು ಮಾಡಬೇಕು. ಗೆರೆಗಳು ತುಂಬಿದರೆ ಜಾರದಂತೆ ತಡೆಯುವ ಅವುಗಳ ಕೆಲಸವೇ ನಿಂತುಹೋಗುತ್ತದೆ. ವಯಸ್ಸಾದವರಿರುವ ಮನೆಗಳಲ್ಲಿ ಇದನ್ನು ನಾನು ಒತ್ತಿ ಹೇಳುತ್ತೇನೆ.

ಯಂತ್ರವಿಲ್ಲದ ಮನೆಗಳಲ್ಲಿ ಕಸಬರಿಗೆಯೇ ಸಾಕಾಗುತ್ತದೆ, ಆದರೆ ಅದು ಮೆತ್ತನೆಯ ಹುಲ್ಲಿನದಾಗಿರಬೇಕು, ಬೀಸಿ ಹೊಡೆಯದೆ ಎಳೆಯಬೇಕು, ಒಂದೊಂದು ಮೆಟ್ಟಿಲ ಕಸವನ್ನು ಅಲ್ಲಲ್ಲೇ ಮೊರಕ್ಕೆ ತುಂಬಿಕೊಳ್ಳಬೇಕು. ಮೇಲಿನಿಂದ ಕೆಳಗಿನವರೆಗೆ ಕಸವನ್ನು ದೂಡಿಕೊಂಡು ಬಂದರೆ ಪ್ರತಿ ಮೆಟ್ಟಿಲಲ್ಲಿಯೂ ಅದು ಬೀಳುವಾಗ ಮತ್ತೆ ಗಾಳಿಗೇರುತ್ತದೆ. ಗುಡಿಸುವ ಮುಂಚೆ ನೀರು ಚಿಮುಕಿಸುವ ರೂಢಿ ಮಣ್ಣಿನ ನೆಲಕ್ಕೆ, ಸಗಣಿ ಸಾರಿಸಿದ ಅಂಗಳಕ್ಕೆ ಹೇಳಿಮಾಡಿಸಿದ್ದು. ಅಲ್ಲಿ ನೆಲವೂ ಧೂಳೂ ಒಂದೇ ಮಣ್ಣು. ಗ್ರಾನೈಟಿನ ಮೇಲೆ ಅದೇ ರೂಢಿ ಕೆಸರಿಗೆ ದಾರಿ.

ಒಣ ಧೂಳು ಪೂರ್ತಿ ಹೋಗಿದೆಯೇ ಎಂದು ತಿಳಿಯಲು ಬಿಳಿಯ ಒಣ ಬಟ್ಟೆಯನ್ನು ಮೂಲೆಯಲ್ಲಿ ಒಮ್ಮೆ ಎಳೆದು ನೋಡಿ. ಬಟ್ಟೆ ಕೆಂಪಾದರೆ ಬಕೆಟ್ ಮುಟ್ಟುವ ಹೊತ್ತು ಇನ್ನೂ ಬಂದಿಲ್ಲ. ಬಟ್ಟೆ ಬೆಳ್ಳಗೆ ಬಂದ ಮೇಲೆ ಚೆನ್ನಾಗಿ ಹಿಂಡಿದ ಅರಿವೆಯಿಂದ ಒರೆಸಿ, ನಾಲ್ಕೈದು ಮೆಟ್ಟಿಲಿಗೊಮ್ಮೆ ಬೇರೆ ನೀರಿನಲ್ಲಿ ಜಾಲಿಸಬೇಕು. ಬೋರಿನ ಗಡಸು ನೀರು ಆರಿದಾಗ ಬಿಳಿಯ ಉಪ್ಪಿನ ಪದರ ಬಿಡುತ್ತದೆ, ಮುಂದಿನ ಧೂಳು ಆ ಪದರಕ್ಕೇ ಅಂಟುತ್ತದೆ. ಆದ್ದರಿಂದ ಕಲ್ಲು ತಾನಾಗಿ ಆರಲು ಬಿಡದೆ ಒಣ ಬಟ್ಟೆಯಿಂದ ಒರೆಸಿಬಿಡುವುದು ಲೇಸು.

ಕೆಂಪು ಕಲೆ ಹೋಗಲಿಲ್ಲವೆಂದು ಆಸಿಡ್ ಸುರಿಯುವವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಶಹಾಬಾದ್ ಪರಸಿ, ಕಡಪ ಕಲ್ಲು, ಅಮೃತಶಿಲೆ, ಮೊಸಾಯಿಕ್ ಇವೆಲ್ಲವುಗಳಲ್ಲಿ ಸುಣ್ಣದ ಅಂಶ ಇರುವುದರಿಂದ ಆಸಿಡ್ ಬಿದ್ದ ಕೂಡಲೇ ನೊರೆಯೆದ್ದು ಕಲ್ಲೇ ಕರಗುತ್ತದೆ. ಕಲೆ ಹೋದಂತೆ ಕಂಡರೂ ಮೇಲ್ಮೈ ಒರಟಾಗಿ, ತಿಂಗಳೊಳಗೆ ಮೊದಲಿಗಿಂತ ಹೆಚ್ಚು ಕೆಂಪು ಹಿಡಿಯುತ್ತದೆ. ಅದರ ಹೊಗೆಗೆ ಸ್ಟೀಲ್ ರೇಲಿಂಗ್ ಕೂಡ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಬ್ಲೀಚಿಂಗ್ ಪೌಡರಿನಿಂದ ಕಬ್ಬಿಣದ ಕೆಂಪು ಹೋಗುವುದಿಲ್ಲ. ಅದನ್ನೂ ಆಸಿಡ್ಡನ್ನೂ ಒಟ್ಟಿಗೆ ಬಳಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿರಿದಾದ ಮೆಟ್ಟಿಲ ಜಾಗದಲ್ಲಿ ಅದು ಪ್ರಾಣಕ್ಕೇ ಅಪಾಯ. ಹಳೆಯ ಗೆರೆಗೆ ಸೋಪಿನ ನೀರು, ನೈಲಾನ್ ಬ್ರಶ್, ಸ್ವಲ್ಪ ತಾಳ್ಮೆ, ಇಷ್ಟರಿಂದ ಹೋದಷ್ಟು ಹೋಗಲಿ. ಉಳಿದುದಕ್ಕೆ ಜೋಡಣೆಯ ಸಿಮೆಂಟನ್ನು ಕೆರೆದು ಹೊಸದಾಗಿ ತುಂಬಿಸುವುದೇ ಸರಿ.

ಸುತ್ತಲಿನ ಊರುಗಳಲ್ಲಿ ಧೂಳಿನ ಗುಣ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಎಚ್ಚರಿಕೆಯೂ. ಕೊಪ್ಪಳದ ಗಿಣಿಗೇರಾ ಕಡೆ ಅದಿರನ್ನು ಕರಗಿಸದೆಯೇ ಕಬ್ಬಿಣವಾಗಿಸುವ ಸ್ಪಾಂಜ್ ಐರನ್ ಕಾರ್ಖಾನೆಗಳ ಹತ್ತಿರದ ಮನೆಗಳಲ್ಲಿ ಕಪ್ಪು ಧೂಳು ಕಂಡರೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತವೊಂದನ್ನು ಅದರ ಮೇಲೆ ಹಿಡಿದು ನೋಡಬಹುದು. ಕಣಗಳು ಎದ್ದು ಅಂಟಿಕೊಂಡರೆ ಅದರಲ್ಲಿ ಲೋಹರೂಪದ ಕಬ್ಬಿಣವೋ, ಮ್ಯಾಗ್ನಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡೋ ಇದೆಯೆಂದು ತಿಳಿಯಬೇಕು. ಲೋಹದ ಕಣ ನೀರು ತಾಗಿದ ಮೇಲೆ ತುಕ್ಕಾಗಿ ಟೈಲ್ಸಿನ ಮೇಲೆ ಕಂದು ಚುಕ್ಕೆ ಬಿಡುವುದರಿಂದ, ಅಲ್ಲಿ ಒಣ ಸ್ವಚ್ಛತೆಯ ಮಾತು ಬಳ್ಳಾರಿಗಿಂತ ಹೆಚ್ಚು ಸಲ್ಲುತ್ತದೆ. ಗಂಗಾವತಿ, ಸಿಂಧನೂರುಗಳ ರೈಸ್ ಮಿಲ್ ಹತ್ತಿರ ಭತ್ತದ ಹೊಟ್ಟಿನ ಬೂದಿ ಬೀಳುತ್ತದೆ. ಅದು ಹಗುರ, ಕಸಬರಿಗೆ ಮುಟ್ಟಿದರೆ ಸಾಕು ಹಾರುತ್ತದೆ, ಯಂತ್ರಕ್ಕೆ ಮಾತ್ರ ಒಳ್ಳೆಯ ತುತ್ತು. ಬಳ್ಳಾರಿಯಲ್ಲೇ ಮನೆಯಲ್ಲಿ ಜೀನ್ಸ್ ಹೊಲಿಯುವವರ ಮೆಟ್ಟಿಲುಗಳಲ್ಲಿ ನೀಲಿ ನೂಲು ಕೆಂಧೂಳಿನೊಡನೆ ಸೇರಿ ಉಂಡೆಯಾಗಿರುತ್ತದೆ. ಅದನ್ನು ಮೊದಲು ಕೈಯಿಂದ ಆರಿಸಿ ತೆಗೆಯದಿದ್ದರೆ ನಳಿಕೆಯ ಬಾಯಿ ಕಟ್ಟುತ್ತದೆ.

ಹೊಸದಾಗಿ ಯಂತ್ರ ಕೊಳ್ಳುವವರು ವ್ಯಾಟ್ ಸಂಖ್ಯೆಯನ್ನೇ ನೋಡುತ್ತಾರೆ. ಅದು ಮೋಟಾರು ಬಳಸುವ ವಿದ್ಯುತ್ತಿನ ಲೆಕ್ಕ, ಸೆಳೆತದ ಲೆಕ್ಕವಲ್ಲ. ನಮ್ಮ ಧೂಳಿಗೆ ಫಿಲ್ಟರ್ ಮುಖ್ಯ. ಅಮೆರಿಕದ ಮಾನದಂಡದ ಪ್ರಕಾರ ಹೆಪಾ ಫಿಲ್ಟರ್ 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ರಷ್ಟನ್ನು ತಡೆಯಬೇಕು, ಅಗ್ಗದ ಬಟ್ಟೆಯ ಫಿಲ್ಟರ್ ಇರುವ ಯಂತ್ರ ಮುಂದೆ ಎಳೆದ ನುಣ್ಣನೆ ಧೂಳನ್ನು ಹಿಂದಿನಿಂದ ಕೋಣೆಗೇ ಬಿಡುತ್ತದೆ. ತೊಳೆಯಬಹುದು ಎಂದು ಬರೆದಿರುವ ಫಿಲ್ಟರನ್ನು ಮಾತ್ರ ತೊಳೆದು, ನೆರಳಿನಲ್ಲಿ ಇಡೀ ಒಂದು ದಿನ ಆರಿಸಿ ಹಾಕಬೇಕು. ತೇವ ಉಳಿದ ಫಿಲ್ಟರಿಗೆ ಕೆಂಧೂಳು ಸೇರಿದರೆ ಅದು ಕೆಸರು ಮೆತ್ತಿಕೊಂಡು ಕೆಟ್ಟಂತೆಯೇ.

ಇನ್ನು ಈ ಕೆಲಸ ಮಾಡುವವರ ಎದೆಯ ವಿಚಾರ. ಬಹಳಷ್ಟು ಮನೆಗಳಲ್ಲಿ ಮೆಟ್ಟಿಲು ಗುಡಿಸುವುದು ಕೆಲಸಕ್ಕೆ ಬರುವ ಅಕ್ಕಂದಿರು. ದಿನಕ್ಕೆ ಹಲವು ಮನೆಗಳ ಧೂಳನ್ನು ಬಗ್ಗಿ, ಮುಖದ ಹತ್ತಿರವೇ ಎಬ್ಬಿಸಿ ಉಸಿರಾಡುವವರು ಅವರು, ಮತ್ತು ಬಹುತೇಕ ಸಲ ಕೈಗೆ ಯಂತ್ರ ಕೊಡದೆ ಕಸಬರಿಗೆಯನ್ನಷ್ಟೇ ಕೊಟ್ಟಿರುತ್ತೇವೆ. ಯಂತ್ರ ಕೆಟ್ಟುಹೋದೀತು ಎಂಬ ಅಂಜಿಕೆಯಿಂದ ಬೀಗ ಹಾಕಿಡುವ ಬದಲು ಅರ್ಧ ಗಂಟೆ ಜೊತೆಗೆ ನಿಂತು, ಎಲ್ಲಿ ಇಡಬೇಕು, ಯಾವ ನಳಿಕೆ ಎಲ್ಲಿಗೆ, ವೈರನ್ನು ಹೇಗೆ ಹಿಡಿಯಬೇಕು ಎಂದು ತೋರಿಸಿಕೊಡಿ. ಧೂಳಿನ ಡಬ್ಬಿಯನ್ನು ಖಾಲಿ ಮಾಡುವಾಗ ಮನೆಯ ಹೊರಗೆ, ಗಾಳಿಗೆ ಬೆನ್ನು ಮಾಡಿ ನಿಂತು, ಡಬ್ಬಿಯ ಬಾಯಿಯನ್ನು ಚೀಲದೊಳಗೇ ಇಟ್ಟು ಬಗ್ಗಿಸಬೇಕು; ಆಗ ಎನ್95 ಮಾಸ್ಕ್ ಹಾಕಿಕೊಳ್ಳಲೇಬೇಕು, ಅದನ್ನು ಕೊಂಡು ತರುವುದು ಮನೆಯವರ ಕೆಲಸ.