ಕೊಡದಲ್ಲಿ ಸುರಿದದ್ದು, ನಲ್ಲಿಯಲ್ಲಿ ಬಂದದ್ದು

ತಿಪಟೂರಿನ ಭಾವನ ಅಂಗಡಿಯ ಕಂಪ್ಯೂಟರ್ ಟಿಕ್ ಟಿಕ್ ಎನ್ನಲು ಶುರು ಮಾಡಿತ್ತು. ಫ್ಯಾನಿನ ಸದ್ದಲ್ಲ, ಹಾರ್ಡ್‌ಡಿಸ್ಕಿನದು. ಕೊಬ್ಬರಿ ವ್ಯಾಪಾರದ ಹತ್ತು ವರ್ಷದ ಲೆಕ್ಕ, ಅಕ್ಕನ ಮಗಳ ಚಿಕ್ಕಂದಿನ ಫೋಟೊಗಳು, ಎಲ್ಲ ಆ ಒಂದೇ 500 ಜಿಬಿ ಡಿಸ್ಕಿನಲ್ಲಿ.

"ಏನಪ್ಪಾ, ಪೆನ್‌ಡ್ರೈವ್‌ಗೆ ಹಾಕ್ಕೊಂಡ್ರೆ ಆಗಲ್ವಾ?" ಅಂದರು ಭಾವ.

ಫೋಟೊ ಆದರೆ ಆಗುತ್ತಿತ್ತು. ಲೆಕ್ಕದ ಸಾಫ್ಟ್‌ವೇರಿನದ್ದೇ ತೊಂದರೆ. ಅದರ ಸಿಡಿ ಕಳೆದಿದೆ, ಹಾಕಿಕೊಟ್ಟವರು ಈಗ ಊರಲ್ಲಿಲ್ಲ. ಹಾಗಾಗಿ ಫೈಲುಗಳನ್ನಷ್ಟೇ ಅಲ್ಲ, ಇಡೀ ಡಿಸ್ಕನ್ನೇ ಮೊದಲ ಸೆಕ್ಟರಿನಿಂದ (ಡಿಸ್ಕಿನ ಅತಿ ಚಿಕ್ಕ ತುಂಡು) ಕೊನೆಯದರ ತನಕ ಇದ್ದದ್ದು ಇದ್ದಂತೆ ಎತ್ತಿಕೊಳ್ಳಬೇಕು. ಇದಕ್ಕೆ ಡಿಸ್ಕ್ ಇಮೇಜ್ ಎನ್ನುತ್ತಾರೆ. 500 ಜಿಬಿ ಡಿಸ್ಕ್ ಅಂದರೆ ಸರಿಯಾಗಿ 5,00,10,78,62,016 ಬೈಟ್. ಹಾಳೆ ಖಾಲಿಯಿರಲಿ ತುಂಬಿರಲಿ, ಅಷ್ಟೂ ಬರಬೇಕು.

ಆ ಕಂಪ್ಯೂಟರಿನಲ್ಲಿ ಇದ್ದದ್ದು ಹಳೆಯ ಯುಎಸ್‌ಬಿ 2.0. ಅದರಲ್ಲಿ ಸೆಕೆಂಡಿಗೆ 35 ಎಂಬಿ ಬಂದರೆ ಪುಣ್ಯ. ಅದೇ ನೆಟ್‌ವರ್ಕ್ ಪೋರ್ಟು ಮಾತ್ರ ಗಿಗಾಬಿಟ್, 110 ಎಂಬಿ ತನಕ ಹೋಗಬಲ್ಲದು. ಲ್ಯಾಪ್‌ಟಾಪ್ ತಂದಿದ್ದೆ. ಎರಡರ ನಡುವೆ ಒಂದು ಕೇಬಲ್ ಎಳೆದರೆ ಮುಗೀತು ಅಂದುಕೊಂಡೆ.

ಮುಗಿಯಲಿಲ್ಲ. ಹಳೆಯದನ್ನು ಪೆನ್‌ಡ್ರೈವ್‌ನ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ಮಿನಿಂದ ಎಬ್ಬಿಸಿದ್ದೆ. ಇದು ಬೇಕೇ ಬೇಕು. ವಿಂಡೋಸ್ ಓಡುತ್ತಿರುವಾಗಲೇ ಹೀಗೆ ನಕಲು ಮಾಡಲು ಹೋದರೆ, ನಾವು ಹತ್ತನೇ ಪುಟ ಬರೆದುಕೊಳ್ಳುವಷ್ಟರಲ್ಲಿ ಅದು ಮೂರನೆಯದನ್ನು ತಿದ್ದಿರುತ್ತದೆ. ಆದರೆ ಎರಡೂ ಕಂಪ್ಯೂಟರುಗಳು ಪರಸ್ಪರ ಗುರುತೇ ಹಿಡಿಯಲಿಲ್ಲ. ಮನೆಯಲ್ಲಿ ವಿಳಾಸ ಹಂಚುವುದು ರೌಟರ್. ನೇರವಾಗಿ ಕೇಬಲ್ ಹಾಕಿದಾಗ ಹಂಚುವವರು ಯಾರೂ ಇಲ್ಲ. 169.254 ಎಂದು ಶುರುವಾಗುವ ಐಪಿ ಕಂಡರೆ ಅದೇ ಅರ್ಥ: ಯಾರೂ ಕೊಡಲಿಲ್ಲ, ನಾನೇ ಒಂದನ್ನು ಇಟ್ಟುಕೊಂಡೆ. ಕೈಯಾರೆ 192.168.50.1 ಒಂದಕ್ಕೆ, 50.2 ಇನ್ನೊಂದಕ್ಕೆ ಕೊಟ್ಟೆ.

ಆಗ 'ಕನೆಕ್ಷನ್ ರೆಫ್ಯೂಸ್ಡ್' ಎಂದು ಬಂತು. ಇದು ಒಳ್ಳೆಯ ಸುದ್ದಿ ಅಂದರೆ ನಂಬುತ್ತೀರಾ? ಬಾಗಿಲು ತಟ್ಟಿದಾಗ ಒಳಗಿಂದ "ಅವರಿಲ್ಲ" ಎಂದು ಉತ್ತರ ಬಂದ ಹಾಗೆ. ಮನೆ ಸರಿ, ಆದರೆ ಆ ಪೋರ್ಟಿನಲ್ಲಿ, ಅಂದರೆ ಆ ನಂಬರಿನ ಬಾಗಿಲಲ್ಲಿ, ಕೇಳಿಸಿಕೊಳ್ಳಲು ಯಾವ ಪ್ರೋಗ್ರಾಮೂ ಕೂತಿಲ್ಲ. 'ಟೈಮ್ಡ್ ಔಟ್' ಬಂದಿದ್ದರೆ ಜಾಸ್ತಿ ಕಷ್ಟ. ಅದು ಸದ್ದೇ ಇಲ್ಲದ ಮನೆ. ವಿಳಾಸ ತಪ್ಪಿರಬಹುದು, ಇಲ್ಲವೇ ಫೈರ್‌ವಾಲ್ ಸುಮ್ನೆ ನುಂಗುತ್ತಿರಬಹುದು. ಮೊದಲು ಲ್ಯಾಪ್‌ಟಾಪಿನಲ್ಲಿ ಪಡೆಯುವ ಪ್ರೋಗ್ರಾಮ್ ಶುರು ಮಾಡಿ, ಆಮೇಲೆ ಆ ಕಡೆಯಿಂದ ಕಳಿಸಿದೆ. ಹರಿಯಿತು.

ಸೆಕೆಂಡಿಗೆ 11 ಎಂಬಿ.

ಈ ಹನ್ನೊಂದು ಇದೆಯಲ್ಲ, ಅದು ಒಂಥರಾ ಸಹಿ. ನೆಟ್‌ವರ್ಕಿನ ವೇಗವನ್ನು ಬಿಟ್‌ನಲ್ಲಿ ಅಳೆಯುತ್ತಾರೆ, ಫೈಲನ್ನು ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ನೂರು ಮೆಗಾಬಿಟ್ಟನ್ನು ಎಂಟರಿಂದ ಭಾಗಿಸಿದರೆ 12.5. ಪ್ರತಿ ಪೊಟ್ಟಣದ ಮೇಲಿನ ವಿಳಾಸದ ಚೀಟಿಯ ಖರ್ಚು ಕಳೆದರೆ ಹನ್ನೊಂದು ಚಿಲ್ಲರೆ. ಅಂದರೆ ಗಿಗಾಬಿಟ್ ಪೋರ್ಟು ನೂರಕ್ಕೆ ಇಳಿದು ಕೂತಿದೆ. ಡಿಸ್ಕ್ ನಿಧಾನವಾಗಿದ್ದರೆ ಅಂಕಿ ಏರುತ್ತಾ ಇಳಿಯುತ್ತಾ ಇರುತ್ತಿತ್ತು. ಹೀಗೆ ಹನ್ನೊಂದಕ್ಕೆ ಅಂಟಿಕೊಂಡರೆ ನೋಡಬೇಕಾದ್ದು ಕೇಬಲ್.

ನೆಟ್‌ವರ್ಕ್ ಕೇಬಲ್ಲಿನೊಳಗೆ ಎಂಟು ಎಳೆ, ನಾಲ್ಕು ಜೋಡಿ. ನೂರು ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ಗಿಗಾಬಿಟ್‌ಗೆ ಮಾತ್ರ ಬೇಕಾದ ಎರಡು ಜೋಡಿಯಲ್ಲಿ ಒಂದು ಎಳೆ ತುಂಡಾಗಿದ್ದರೂ ಎರಡೂ ತುದಿಯ ಕಾರ್ಡುಗಳು ಸಾಮಾನ್ಯವಾಗಿ ಮಾತಾಡಿಕೊಂಡು ಸದ್ದಿಲ್ಲದೆ ನೂರಕ್ಕೆ ಇಳಿಯುತ್ತವೆ. ತಪ್ಪು ಅಂತ ಯಾರೂ ಹೇಳುವುದಿಲ್ಲ, ಇಂಟರ್ನೆಟ್ ಆರಾಮಾಗಿ ಬರುತ್ತಿರುತ್ತದೆ. ಅಂಗಡಿಯ ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಕಟ್ಟಿದ ಪುಣ್ಯಾತ್ಮ ನಾಲ್ಕೇ ಎಳೆ ಜೋಡಿಸಿದ್ದ! ಹನ್ನೊಂದರ ವೇಗದಲ್ಲಿ ಇಡೀ ಡಿಸ್ಕಿಗೆ ಹನ್ನೆರಡೂವರೆ ಗಂಟೆ ಬೇಕು. ಸಾಯುತ್ತಿರುವ ಡಿಸ್ಕನ್ನು ಅಷ್ಟು ಹೊತ್ತು ತಿರುಗಿಸುವ ಧೈರ್ಯ ಯಾರಿಗಿದೆ? ಹೊಸ ಕೇಬಲ್ ತರಿಸಿದೆ. ವೇಗ 95ಕ್ಕೆ ಹತ್ತಿತು. (ತಿರುಗುವ ಡಿಸ್ಕಿನಲ್ಲಿ ಇದು ಕೊನೆಯ ತನಕ ಹೀಗೇ ಇರುವುದಿಲ್ಲ. ಓದು ಹೊರಗಿನ ದೊಡ್ಡ ಸುತ್ತಿನಿಂದ ಶುರುವಾಗಿ ಒಳಗಿನ ಚಿಕ್ಕ ಸುತ್ತಿಗೆ ಬರುವುದರಿಂದ ಕೊನೆಗೆ ವೇಗ ಅರ್ಧಕ್ಕೆ ಬೀಳುತ್ತದೆ. ಅದಕ್ಕೆ ಗಾಬರಿ ಬೇಡ.)

ಸ್ವಲ್ಪ ಹೊತ್ತಿಗೆ ಡಿಸ್ಕ್ ಟಿಕ್ ಎಂದಿತು. ಓದಲಾಗದ ಸೆಕ್ಟರ್ ಸಿಕ್ಕಿ, ನಕಲು ಮಾಡುತ್ತಿದ್ದ ಡಿಡಿ ಎಂಬ ಪ್ರೋಗ್ರಾಮ್ ನಿಂತೇ ಹೋಯಿತು. ಡಿಡಿ 1970ರ ದಶಕದ ಯುನಿಕ್ಸಿನಿಂದ ಬಂದ ಮುದುಕ. ಹೇಳಿದ್ದಷ್ಟೇ ಮಾಡುತ್ತಾನೆ. ಅವನಿಗೆ ಎರಡು ಮಾತು ಹೇಳಬಹುದು. ಒಂದು, ತಪ್ಪು ಬಂದರೂ ನಿಲ್ಲಬೇಡ. ಇನ್ನೊಂದು, ಬ್ಲಾಕ್ ಪೂರ್ತಿ ಸಿಗದಿದ್ದರೆ ಉಳಿದ ಜಾಗಕ್ಕೆ ಸೊನ್ನೆ ತುಂಬು. ಎರಡನೆಯದು ಇಲ್ಲದಿದ್ದರೆ ಕೆಟ್ಟ ಜಾಗದ ನಂತರದ್ದೆಲ್ಲ ಹಿಂದಕ್ಕೆ ಸರಿದು ಇಮೇಜು ಹಾಳು. ನಾನು ಜಾಣತನ ತೋರಿಸಲು ಹೋಗಿ ಎರಡೂ ಮಾತನ್ನು ಎರಡೂ ಕಡೆ ಹೇಳಿದೆ. ಕಳಿಸುವ ಡಿಡಿಗೂ, ಪಡೆಯುವ ಡಿಡಿಗೂ.

ಕೆಲವು ನಿಮಿಷ ಬಿಟ್ಟು ನೋಡಿದರೆ ಕೇಬಲ್ಲಿನಲ್ಲಿ ಬಂದದ್ದು 2 ಜಿಬಿ, ಲ್ಯಾಪ್‌ಟಾಪಿನ ಫೈಲು 32 ಜಿಬಿಗಿಂತ ದೊಡ್ಡದು. ಎಲ್ಲಿಂದ ಬಂತು ಉಳಿದ ಮೂವತ್ತು?

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ನನಗೆ ಇಡೀ ಕೆಲಸದಲ್ಲಿ ಇಷ್ಟವಾದ ಜಾಗ ಇದು. ಡಿಸ್ಕ್ ಎಂದರೆ ಡಬ್ಬಿಗಳ ಸಾಲು. ಎಲ್ಲಕ್ಕೂ ಒಂದೇ ಅಳತೆ, ಪ್ರತಿಯೊಂದಕ್ಕೂ ನಂಬರು. ನೆಟ್‌ವರ್ಕಿನಲ್ಲಿ ಡೇಟಾ ಸಾಗಿಸುವ ಟಿಸಿಪಿ ಎಂಬ ವ್ಯವಸ್ಥೆ ಹಾಗಲ್ಲ. ಅದು ಬೈಟುಗಳನ್ನು ಸಾಲು ತಪ್ಪದ ಹಾಗೆ ತಲುಪಿಸುತ್ತದೆ, ಆದರೆ ಒಂದು ಸಲಕ್ಕೆ ಎಷ್ಟು ಸುರಿದಿರಿ ಎಂಬುದನ್ನು ನೆನಪಿಡುವುದಿಲ್ಲ. ಟ್ಯಾಂಕಿಗೆ ಕೊಡ ಎಣಿಸಿ ಸುರಿಯಿರಿ. ಕೆಳಗೆ ನಲ್ಲಿಯಲ್ಲಿ ಬರುವುದು ನೀರು, ಕೊಡ ಅಲ್ಲ.

ಕಳಿಸುವ ಕಡೆ ನಾನು ಒಂದೊಂದು ಎಂಬಿಯ ಕೊಡದಲ್ಲಿ ಸುರಿದೆ. ಪಡೆಯುವ ಕಡೆ ಪ್ರೋಗ್ರಾಮುಗಳ ನಡುವಿನ ಲಿನಕ್ಸ್ ಪೈಪಿನಲ್ಲಿ ಹಿಡಿಯುವುದೇ 64 ಕೆಬಿ. ಪಡೆಯುವ ಡಿಡಿ ಕೊಡ ಒಡ್ಡಿತು, 64 ಕೆಬಿಯೋ ಅದಕ್ಕೂ ಕಮ್ಮಿಯೋ ಬಿತ್ತು. ಕೊಡ ತುಂಬಲಿಲ್ಲ. ನಾನು ಹೇಳಿದ್ದೇನು? ತುಂಬದಿದ್ದರೆ ಸೊನ್ನೆ ತುಂಬು. ಮುದುಕ ನಿಷ್ಠೆಯಿಂದ ತುಂಬಿದ. 64 ಕೆಬಿ ನೀರು, 960 ಕೆಬಿ ಮರಳು. ಮತ್ತೆ ಕೊಡ ಒಡ್ಡಿದ. ಹದಿನಾರು ಪಟ್ಟು ಹೇಗೆ ಬಂತು ಎಂದು ಈಗ ಗೊತ್ತಾಯಿತಲ್ವಾ? ಯಾವ ಯಂತ್ರವೂ ಕೆಟ್ಟಿರಲಿಲ್ಲ. ಸೊನ್ನೆ ತುಂಬುವ ಮಾತು ಡಿಸ್ಕ್ ಓದುವ ಕಡೆಗೆ ಸರಿ, ನೀರು ಹಿಡಿಯುವ ಕಡೆಗೆ ತಪ್ಪು.

ಪಡೆಯುವ ಕಡೆಯಿಂದ ಅದನ್ನು ತೆಗೆದರೆ ಸಾಕಿತ್ತು. ಆದರೆ ಅಷ್ಟರಲ್ಲಿ ಟಿಕ್ ಟಿಕ್ ಜಾಸ್ತಿಯಾಗಿತ್ತು, ಡಿಡಿಯನ್ನು ಬಿಟ್ಟು ಡಿಡಿರೆಸ್ಕ್ಯೂ ಹಿಡಿದೆ. ಅದರ ಜಾಣ್ಮೆ ಬೇರೆ. ಮೊದಲು ಸಲೀಸಾಗಿ ಬರುವುದನ್ನೆಲ್ಲ ಎತ್ತಿಕೊಂಡು, ಕಷ್ಟದ ಜಾಗಗಳನ್ನು ಒಂದು ನಕ್ಷೆಯಲ್ಲಿ ಗುರುತು ಹಾಕಿ, ಕೊನೆಗೆ ಅಲ್ಲಿಗೆ ವಾಪಸ್ ಬರುತ್ತದೆ. ಕರೆಂಟ್ ಹೋದರೂ ನಕ್ಷೆ ಉಳಿದಿದ್ದರೆ ಬಿಟ್ಟಲ್ಲಿಂದ ಮುಂದುವರಿಯಬಹುದು. ತೊಂದರೆ ಒಂದೇ: ಅದಕ್ಕೆ ನಲ್ಲಿ ಆಗುವುದಿಲ್ಲ. ಹಿಂದೆ ಹೋಗಿ ನಡುವಿನ ಡಬ್ಬಿ ತುಂಬಬೇಕಲ್ಲ, ಹರಿದುಹೋದ ನೀರಿನಲ್ಲಿ ಹಿಂದಕ್ಕೆ ಹೋಗುವುದು ಹೇಗೆ? ಹಾಗಾಗಿ ಲ್ಯಾಪ್‌ಟಾಪಿನ ಒಂದು ಫೋಲ್ಡರನ್ನು ನೆಟ್‌ವರ್ಕಿನಲ್ಲಿ ಹಂಚಿ, ಹಳೆಯ ಕಂಪ್ಯೂಟರಿಗೆ ಅದು ತನ್ನದೇ ಕಪಾಟು ಎನ್ನುವಂತೆ ಕಾಣಿಸಿದೆ. ಕೇಬಲ್ ಅದೇ, ಆದರೆ ಈಗ 'ಇಂಥ ನಂಬರಿನ ಜಾಗಕ್ಕೆ ಇದನ್ನು ಬರೆ' ಎಂದು ಹೇಳಬಹುದು. ಆ ಕಪಾಟು ಇದ್ದ ಪಾರ್ಟಿಶನ್ ಎಫ್‌ಎಟಿ32 ಎಂಬ ಹಳೆಯ ಮಾದರಿಯದಾಗಿದ್ದರೆ ಫೈಲು 4 ಜಿಬಿಗೇ ನಿಲ್ಲುತ್ತಿತ್ತು. ಪುಣ್ಯಕ್ಕೆ ಅಲ್ಲ.

ಬಂದದ್ದು ಸರಿಯಾಗಿಯೇ ಬಂತಾ ಎಂಬ ಅನುಮಾನ ಸುಮ್ನೆ ಅಲ್ಲ. ಟಿಸಿಪಿ ಪ್ರತಿ ಪೊಟ್ಟಣಕ್ಕೂ ಒಂದು ತಾಳೆಯ ಮೊತ್ತ ಹಾಕುತ್ತದೆ, ಆದರೆ ಅದು ಬರೀ 16 ಬಿಟ್‌ನದು. ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ ಎಂಬ ಸಂಶೋಧಕರು 2000ದಲ್ಲಿ ನಿಜವಾದ ನೆಟ್‌ವರ್ಕುಗಳನ್ನು ಅಳೆದು ನೋಡಿದರು. ಕೇಬಲ್ ಮಟ್ಟದ ಪರೀಕ್ಷೆಯಲ್ಲಿ ಪಾಸಾದ ಪೊಟ್ಟಣಗಳಲ್ಲೂ 1,100ಕ್ಕೆ ಒಂದರಿಂದ 32,000ಕ್ಕೆ ಒಂದರಷ್ಟು ಟಿಸಿಪಿಯ ತಾಳೆಯಲ್ಲಿ ಫೇಲಾಗುತ್ತಿದ್ದವು. ತಪ್ಪು ಹುಟ್ಟುತ್ತಿದ್ದದ್ದು ತಂತಿಯಲ್ಲಿ ಅಷ್ಟಾಗಿ ಅಲ್ಲ, ಎರಡೂ ತುದಿಯ ಕಂಪ್ಯೂಟರುಗಳ ಮತ್ತು ರೌಟರುಗಳ ಒಳಗೆ. ಗಟ್ಟಿಮುಟ್ಟಾದ ಡಿಸ್ಕ್ ಆದರೆ ಎರಡೂ ಕಡೆ ಎಸ್‌ಎಚ್‌ಎ-256 ಎಂಬ, ಡೇಟಾದ ಬೆರಳಚ್ಚು ತೆಗೆಯುವ ಲೆಕ್ಕ ಹಾಕಿ, ಬಂದ 64 ಅಕ್ಷರ ತಾಳೆ ನೋಡುತ್ತೇನೆ. ಇಲ್ಲಿ ಮಾಡಲಿಲ್ಲ. ಸಾಯುತ್ತಿರುವ ಡಿಸ್ಕನ್ನು ಪರೀಕ್ಷೆಗೆಂದು ಇನ್ನೊಮ್ಮೆ ಪೂರ್ತಿ ಓದಿಸುವುದು ಮೂರ್ಖತನ.

ಸಂಜೆ ಹೊತ್ತಿಗೆ ನಕ್ಷೆಯಲ್ಲಿ ಓದಲಾಗದೆ ಉಳಿದದ್ದು 24 ಸೆಕ್ಟರ್, ಅಂದರೆ 12 ಕೆಬಿ. ಅವು ಯಾವ ಫೈಲಿಗೆ ಸೇರಿದ್ದವು ಎಂದು ಹುಡುಕಿದರೆ ವಿಂಡೋಸಿನ ಪೇಜ್‌ಫೈಲ್, ಪ್ರತಿ ಸಲ ಹೊಸದಾಗಿ ಗೀಚಿಕೊಳ್ಳುವ ಹಾಳೆ. ಇಮೇಜಿನ ಒಂದು ನಕಲನ್ನು ಲ್ಯಾಪ್‌ಟಾಪಿನ ವರ್ಚುವಲ್ ಮೆಷಿನ್ನಿನಲ್ಲಿ (ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರ್) ಎಬ್ಬಿಸಿದೆ. ಲೆಕ್ಕದ ಸಾಫ್ಟ್‌ವೇರ್ ಅದೇ ಹಸಿರು ಪರದೆಯೊಂದಿಗೆ ತೆರೆಯಿತು. ಭಾವ ಕನ್ನಡಕ ಏರಿಸಿಕೊಂಡು, ನನ್ನನ್ನು ಪಕ್ಕಕ್ಕೆ ಸರಿಸಿ, ಹೋದ ವಾರದ ಬಾಕಿ ನೋಡಲು ಕೂತರು.