ಹೂವಿನ ನಡುವಿನ ಆ ಪುಟ್ಟ ಗುಂಡಿ

ನವೆಂಬರ್ ಬಂತೆಂದರೆ ಬ್ರಿಟನ್ನಿನಲ್ಲಿ ಕೋಟಿಗಟ್ಟಲೆ ಜನ ಎದೆಯ ಮೇಲೆ ಕಾಗದದ ಕೆಂಪು ಹೂವು ಸಿಕ್ಕಿಸಿಕೊಳ್ಳುತ್ತಾರೆ. ಅದು ಪಾಪ್ಪಿ ಹೂವು, ಗಸಗಸೆ ಗಿಡದ ಹತ್ತಿರದ ಸಂಬಂಧಿ. ಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ ಅದನ್ನು ತೊಡುತ್ತಾರೆ. ಸ್ವಲ್ಪ ಜನ ಮಾತ್ರ ಬಿಳಿ ಪಾಪ್ಪಿ ತೊಡುತ್ತಾರೆ. ಅಷ್ಟಕ್ಕೇ ವರ್ಷ ವರ್ಷವೂ ಜಗಳ ಏಳುತ್ತದೆ. ಇದು ಸತ್ತವರಿಗೆ ಮಾಡುವ ಅವಮಾನ ಅಂತ ಒಂದು ಕಡೆಯವರು. ಯುದ್ಧವನ್ನೇ ಮೆರೆಸುತ್ತಿದ್ದೀರಿ ಅಂತ ಇನ್ನೊಂದು ಕಡೆಯವರು.

ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ ಮತ್ತು ಫ್ರಾನ್ಸಿನ ಹೊಲಗಳು ಗುಂಡಿನ ದಾಳಿಗೆ ಉತ್ತುಹೋದಂತಾಗಿದ್ದವು. ಮಣ್ಣು ಅಡಿಮೇಲಾದಾಗ ಒಳಗೆ ಮಲಗಿದ್ದ ಪಾಪ್ಪಿ ಬೀಜಗಳು ಬೆಳಕು ಕಂಡು ಮೊಳೆತವು. ಗೋರಿಗಳ ನಡುವೆ ಕೆಂಪು ಹೂವು ಅರಳಿತು. ಕೆನಡಾದ ಸೇನಾ ವೈದ್ಯ ಜಾನ್ ಮೆಕ್ರೇ 1915ರಲ್ಲಿ ಆ ನೋಟವನ್ನು ಕವಿತೆಯಾಗಿ ಬರೆದರು. ಅದನ್ನು ಓದಿದ ಅಮೆರಿಕದ ಮೊಯಿನಾ ಮೈಕಲ್ 1918ರಲ್ಲಿ ನೆನಪಿಗಾಗಿ ಪಾಪ್ಪಿ ತೊಡಲು ಶುರುಮಾಡಿದರು. ಫ್ರಾನ್ಸಿನ ಆನಾ ಗೆರಾನ್ ಬಟ್ಟೆಯ ಹೂವು ಮಾಡಿಸಿ ಮಾರುವ ಯೋಜನೆಯನ್ನು 1921ರಲ್ಲಿ ಬ್ರಿಟನ್ನಿಗೆ ತಂದರು. ಅದೇ ವರ್ಷ ಹುಟ್ಟಿದ್ದ ಬ್ರಿಟಿಷ್ ಲೀಜನ್, ಅಂದರೆ ಮಾಜಿ ಸೈನಿಕರ ಸಂಘ, ಅದನ್ನು ಕೈಗೆತ್ತಿಕೊಂಡಿತು. ಮೊದಲ ವರ್ಷವೇ ಒಂದು ಲಕ್ಷ ಪೌಂಡಿಗೂ ಜಾಸ್ತಿ ಹಣ ಕೂಡಿತು. ಕೈಕಾಲು ಕಳೆದುಕೊಂಡವರಿಗೆ, ಕೆಲಸ ಸಿಗದವರಿಗೆ ಆ ಹಣ ದೊಡ್ಡ ಆಸರೆ. 1922ರಿಂದ ಹೂವು ಮಾಡುವ ಕೆಲಸವೂ ಅಂಗವಿಕಲ ಸೈನಿಕರಿಗೇ ಸಿಕ್ಕಿತು. ಕೆಂಪು ಹೂವನ್ನು ಟೀಕಿಸುವವರು ಇದನ್ನು ಮರೆಯಬಾರದು.

ತಕರಾರು ಶುರುವಾದದ್ದು ಹೂವಿನ ನಡುವಿನ ಪುಟ್ಟ ಕಪ್ಪು ಗುಂಡಿಯಿಂದ. ಅದರ ಮೇಲೆ ‘ಹೇಗ್ ಫಂಡ್’ ಎಂದು ಬರೆದಿತ್ತು. ಡಗ್ಲಸ್ ಹೇಗ್ ಲೀಜನ್ನಿನ ಅಧ್ಯಕ್ಷರು. ಯುದ್ಧ ಮುಗಿದ ಮೇಲೆ ಮಾಜಿ ಸೈನಿಕರಿಗಾಗಿ ಬಹಳ ದುಡಿದವರು, ನಿಜ. ಆದರೆ ಫ್ರಾನ್ಸಿನ ಸೋಮ್ ಕಾಳಗದಲ್ಲಿ ಬ್ರಿಟಿಷ್ ಸೇನೆಯ ಮುಖ್ಯಸ್ಥರೂ ಅವರೇ. 1916ರ ಜುಲೈ 1ರಂದು, ಒಂದೇ ದಿನದಲ್ಲಿ, ಅವರ ಸೈನಿಕರಲ್ಲಿ 19,000ಕ್ಕೂ ಹೆಚ್ಚು ಜನ ಸತ್ತರು. ಮಗನನ್ನು ಕಳೆದುಕೊಂಡ ತಾಯಿ, ಮಗನ ನೆನಪಿನ ಹೂವಿನಲ್ಲಿ ಆ ಸೇನಾಪತಿಯ ಹೆಸರು ಓದಬೇಕಿತ್ತು. ಅವಳಿಗೆ ಹೇಗನ್ನಿಸಿರಬೇಕು?

1926ರಲ್ಲಿ ಯುದ್ಧವಿರೋಧಿ ಚಳವಳಿಯ ಒಳಗೆ ಒಂದು ಸಲಹೆ ಬಂತು. ಗುಂಡಿಯ ಮೇಲೆ ಹೇಗ್ ಹೆಸರಿನ ಬದಲು ‘ಇನ್ನು ಯುದ್ಧ ಬೇಡ’ ಎಂದು ಬರೆಸಲು ಲೀಜನ್ನನ್ನು ಕೇಳೋಣ, ಒಪ್ಪದಿದ್ದರೆ ನಮ್ಮದೇ ಹೂವು ಮಾಡೋಣ ಅಂತ. ಗುಂಡಿಯ ಮೇಲಿನ ಹೆಸರು ಬದಲಾಗಲಿಲ್ಲ. 1933ರಲ್ಲಿ ಸಹಕಾರಿ ಮಹಿಳಾ ಸಂಘದ ಹೆಂಗಸರು ಬಿಳಿ ಪಾಪ್ಪಿ ಮಾಡಿ ಹಂಚಿದರು. ಅವರು ಹೆಚ್ಚಿನವರು ದುಡಿಯುವ ಮನೆಗಳವರು. ಗಂಡ, ಮಗ, ಅಣ್ಣತಮ್ಮಂದಿರನ್ನು ಯುದ್ಧಕ್ಕೆ ಕೊಟ್ಟವರು ಅವರಲ್ಲಿ ಬಹಳ ಜನ. ಸತ್ತವರಿಗೆ ಅವಮಾನ ಮಾಡುವುದು ನಮ್ಮ ಉದ್ದೇಶವಲ್ಲ ಎಂದು ಅವರು ಮತ್ತೆ ಮತ್ತೆ ಹೇಳಿದರು. ಆದರೂ ಬಿಳಿ ಹೂವು ತೊಟ್ಟಿದ್ದಕ್ಕೆ ಕೆಲವರು ಕೆಲಸವನ್ನೇ ಕಳೆದುಕೊಂಡರು. ಈ ಇತಿಹಾಸದಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಇದೇ. ತಮ್ಮ ಮನೆಯ ಸಾವನ್ನು ತಮ್ಮದೇ ರೀತಿಯಲ್ಲಿ ನೆನೆದರೂ ತಪ್ಪಾಯಿತು ಅಲ್ವಾ?

ಮುಂದೆ ‘ಪೀಸ್ ಪ್ಲೆಡ್ಜ್ ಯೂನಿಯನ್’ ಎಂಬ ಶಾಂತಿವಾದಿ ಸಂಘ ಬಿಳಿ ಹೂವಿನ ಹೊಣೆ ಹೊತ್ತಿತು. ಅದರ ಮಾತು ಸರಳ. ನೆನಪು ಸೈನಿಕರಿಗಷ್ಟೇ ಸೀಮಿತವಾಗಬಾರದು, ಸತ್ತ ನಾಗರಿಕರಿಗೂ, ಎದುರು ಪಾಳಯದವರಿಗೂ ಸಲ್ಲಬೇಕು. 1986ರಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಬಿಳಿ ಪಾಪ್ಪಿ ಬಗ್ಗೆ ಸಂಸತ್ತಿನಲ್ಲೇ ತೀವ್ರ ಅಸಹ್ಯ ತೋರಿದರು. ಆ ಟೀಕೆಯಿಂದ ಹೂವಿನ ಸುದ್ದಿ ಇನ್ನಷ್ಟು ಜನರಿಗೆ ಮುಟ್ಟಿತು.

ಬ್ರಿಟನ್ನಿನ ಆಳ್ವಿಕೆ ಬೇಕೋ ಬೇಡವೋ ಎಂದು ಜನ ಇಬ್ಭಾಗವಾಗಿರುವ ಉತ್ತರ ಐರ್ಲೆಂಡಿನಲ್ಲಿ ವಿಷಯ ಇನ್ನೂ ನೋವಿನದು. ಅಲ್ಲಿ ಕೆಂಪು ಪಾಪ್ಪಿಯನ್ನು ಅನೇಕರು ಬ್ರಿಟಿಷ್ ಪರ ಗುರುತಾಗಿ ನೋಡುತ್ತಾರೆ. 1987ರ ನವೆಂಬರ್ 8ರಂದು ಎನಿಸ್ಕಿಲನ್ ಊರಿನಲ್ಲಿ ಯುದ್ಧ ಸ್ಮಾರಕದ ಬಳಿ ಸೇರಿದ್ದ ಜನರ ಪಕ್ಕದಲ್ಲೇ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಗುಂಪು ಐಆರ್‌ಎ ಬಾಂಬ್ ಸಿಡಿಸಿತು. 11 ಜನ ಸತ್ತರು. ಇನ್ನೊಂದು ಕಡೆ ಡೆರಿ ಊರಿನ ಫುಟ್‌ಬಾಲ್ ಆಟಗಾರ ಜೇಮ್ಸ್ ಮೆಕ್ಲೀನ್ ಪಾಪ್ಪಿ ಇರುವ ಅಂಗಿ ತೊಡಲು ಒಪ್ಪಲಿಲ್ಲ. 1972ರ ಜನವರಿ 30ರಂದು ಬ್ರಿಟಿಷ್ ಸೈನಿಕರು ಅವರ ಊರಿನಲ್ಲಿ ಮೆರವಣಿಗೆಗೆ ಬಂದವರ ಮೇಲೆ ಗುಂಡು ಹಾರಿಸಿದ್ದರು. ಎರಡು ಮಹಾಯುದ್ಧಗಳ ಸತ್ತವರಿಗೆ ಮಾತ್ರವಾಗಿದ್ದರೆ ಖಂಡಿತ ತೊಡುತ್ತಿದ್ದೆ ಎಂದು ಮೆಕ್ಲೀನ್ 2014ರಲ್ಲಿ ಪತ್ರ ಬರೆದು ವಿವರಿಸಿದರು. ಆದರೂ ಮೈದಾನದಲ್ಲಿ ಅವರಿಗೆ ಬೈಗುಳ ತಪ್ಪಲಿಲ್ಲ.

ಹೂವಿನ ಅರ್ಥ ಹಿಗ್ಗಿಸುವ ಪ್ರಯತ್ನಗಳೂ ನಡೆದಿವೆ. 2018ರಲ್ಲಿ ಖಾದಿ ಬಟ್ಟೆಯ ಪಾಪ್ಪಿ ಬಂತು. ಮೊದಲ ಮಹಾಯುದ್ಧದಲ್ಲಿ ಭಾರತದ ಸುಮಾರು 74,000 ಸೈನಿಕರು ಸತ್ತಿದ್ದರು. ಅವರ ನೆನಪು ಬ್ರಿಟನ್ನಿನಲ್ಲಿ ಇಷ್ಟು ತಡವಾಗಿ ಒಂದು ಹೂವಾಯಿತು.

ಬಿಳಿ ಹೂವು ತೊಡುವುದು ಬಿಡುವುದು ಅವರವರ ಆಯ್ಕೆ ಎಂದು ಲೀಜನ್ ಈಗ ಹೇಳುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ಸಿಕ್ಕಿಸಿಕೊಳ್ಳುವವರೂ ಇದ್ದಾರೆ. ಕೆಂಪು ಹೂವಿನ ಗುಂಡಿಯಿಂದ ಹೇಗ್ ಹೆಸರು 1994ರಲ್ಲಿ ಹೋಯಿತು. ಬದಲಿಗೆ ಬಂದದ್ದು ‘ಪಾಪ್ಪಿ ಅಪೀಲ್’, ಅಂದರೆ ಪಾಪ್ಪಿ ನಿಧಿಯ ಮನವಿ, ಎಂಬ ಮಾತು. 1926ರಲ್ಲಿ ಕೇಳಬೇಕೆಂದಿದ್ದ ಆ ಮೂರು ಪದ ಅಲ್ಲಿಗೆ ಬರಲೇ ಇಲ್ಲ.